ಅಗ್ಗದ ವಿದ್ಯುತ್ ಗಿಟಾರು: ಮರದ ಹೆಸರನ್ನು ನೋಡಬೇಕೆ, ಜೋಡಣೆಯನ್ನು ನೋಡಬೇಕೆ?

ಕಳೆದ ಆಷಾಢದಲ್ಲಿ ಒಂದು ಸಂಜೆ, ತರಗತಿಗಳು ಮುಗಿದ ಮೇಲೆ, ಔರಾದ ತಾಲ್ಲೂಕಿನ ಹಳ್ಳಿಯೊಂದರ ವಿದ್ಯಾರ್ಥಿಯು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಬೀದರಿನ ನಮ್ಮ ಪ್ರಯೋಗಶಾಲೆಗೆ ಬಂದನು. ಹಿಂದೆಯೇ ಅವನ ತಂದೆಯವರೂ ಇದ್ದರು. ಪೆಟ್ಟಿಗೆಯಲ್ಲಿದ್ದುದು ಒಂಬತ್ತು ಸಾವಿರ ರೂಪಾಯಿಗೆ ತರಿಸಿಕೊಂಡ ವಿದ್ಯುತ್ ಗಿಟಾರು. ತೊಗರಿ ಮಾರಿ ತೆಗೆದಿರಿಸಿದ್ದ ಹಣ ಅದು. ಜಾಹೀರಾತಿನಲ್ಲಿ ‘ಅಪ್ಪಟ ಮಹಾಗನಿ’ ಎಂದು ಅಚ್ಚಾಗಿತ್ತಂತೆ. ಆರ್ಕೆಸ್ಟ್ರಾದ ಹಿರಿಯ ವಾದಕರೊಬ್ಬರು ನೋಡಿದವರೇ, ಇದು ಮಹಾಗನಿಯಲ್ಲ, ಬರಿಯ ರದ್ದಿ ಹಲಗೆ ಎಂದುಬಿಟ್ಟಿದ್ದರು. ಹಿಂದಿರುಗಿಸಲು ಉಳಿದಿದ್ದ ಅವಧಿ ಎರಡೇ ದಿನ.

“ಸರ್, ಇದು ಖರೇನೇ ಮಹಾಗನಿ ಅದನೋ ಇಲ್ಲೋ ನೋಡಿ ಹೇಳ್ರಿ” ಎಂದು ಹುಡುಗನು ಕೇಳಿದನು. ತಂದೆಯವರ ಪ್ರಶ್ನೆ ಬೇರೆಯಾಗಿತ್ತು. “ಕಟ್ಟಿಗಿ ಯಾವ್ದರೆ ಇರ್ಲಿ ಸರ್, ಬಾರಿಸ್ಲಿಕ್ಕ ಬರ್ತದೋ ಇಲ್ಲೋ ಅಷ್ಟು ಹೇಳ್ರಿ.”

ಈ ಎರಡು ಪ್ರಶ್ನೆಗಳಲ್ಲಿ ತಂದೆಯವರದೇ ಹೆಚ್ಚು ಶಾಸ್ತ್ರೀಯವಾದುದೆಂದು ನಮ್ಮ ಅಭಿಪ್ರಾಯ. ಇಂದು ಬೀದರಿನಲ್ಲಿ, ಭಾಲ್ಕಿಯಲ್ಲಿ, ಚರ್ಚಿನ ಗಾಯನವೃಂದಗಳಲ್ಲಿ, ಗಣೇಶೋತ್ಸವದ ವೇದಿಕೆಗಳಲ್ಲಿ ಗಿಟಾರು ಅಪರೂಪದ ವಸ್ತುವಲ್ಲ. ಆದರೆ ಕೈಯಲ್ಲಿ ಹಿಡಿದು, ನಾಲ್ಕು ವಾದ್ಯಗಳನ್ನು ಹೋಲಿಸಿ ಕೊಳ್ಳುವ ಅವಕಾಶ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ವಿರಳ. ಚಿತ್ರವನ್ನೂ ಮರದ ಹೆಸರನ್ನೂ ನೋಡಿಯೇ ಅವರು ಹಣ ಕಟ್ಟುತ್ತಾರೆ. ಆದುದರಿಂದ ಈ ಮರದ ಹೆಸರಿಗೆ ಎಷ್ಟು ಬೆಲೆ ಕೊಡಬಹುದೆಂಬುದನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಮೊದಲು ನಾದ ಹುಟ್ಟುವ ಬಗೆಯನ್ನು ನೋಡೋಣ. ವೀಣೆಯ ತಂತಿಯನ್ನು ಮೀಟಿದಾಗ ಅದರ ಕಂಪನವು ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕೆ ಇಳಿಯುತ್ತದೆ. ತಂತಿಯು ಬಲು ತೆಳುವಾದುದು. ತುಂಬ ಗಾಳಿಯನ್ನು ಅಲುಗಿಸುವುದು ಅದರಿಂದ ಆಗದು. ಆ ಕೆಲಸವನ್ನು ಮರದ ಅಗಲವಾದ ಮೈ ಮಾಡುತ್ತದೆ. ವೀಣೆಯಲ್ಲಿ ನಾವು ಕೇಳುವುದು ಮರದ ಕಂಪನವನ್ನೇ ಎಂದರೆ ಉತ್ಪ್ರೇಕ್ಷೆಯಲ್ಲ. ವಿದ್ಯುತ್ ಗಿಟಾರಿನ ದಾರಿಯೇ ಬೇರೆ. ಸಾಮಾನ್ಯವಾಗಿ ಅದರ ಒಡಲು ಟೊಳ್ಳಲ್ಲ, ಒಂದು ಗಟ್ಟಿ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನವಿರುತ್ತದೆ. ಸಣ್ಣ ಕಾಂತಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿ ಅದನ್ನು ತಯಾರಿಸುತ್ತಾರೆ. ಕಾಂತದ ಎದುರಿಗೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವ. ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿರುವುದೇ. ಕಾಂತಕ್ಕೆ ಮಹಾಗನಿಯೂ ಒಂದೇ, ಮಾವಿನ ಹಲಗೆಯೂ ಒಂದೇ. ಅದು ಬಲ್ಲದ್ದು ಉಕ್ಕನ್ನು ಮಾತ್ರ.

ಈ ವಾದ್ಯದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮಾರುಕಟ್ಟೆಯಲ್ಲಿ ಮೊದಲು ಯಶಸ್ಸು ಕಂಡ ವಿದ್ಯುತ್ ಗಿಟಾರಿನ ಒಡಲು ಮರದ್ದೇ ಆಗಿರಲಿಲ್ಲ. ಅಮೆರಿಕದಲ್ಲಿ ಜಾರ್ಜ್ ಬೋಷಾಂಪ್ ರೂಪಿಸಿ 1932ರಲ್ಲಿ ಮಾರಾಟಕ್ಕೆ ಬಂದ ಆ ವಾದ್ಯ ಅಲ್ಯೂಮಿನಿಯಮ್ ಎರಕದ್ದು. ನೋಡಲು ರೊಟ್ಟಿಯ ಕಾವಲಿಯಂತಿದ್ದುದರಿಂದ ಜನರು ಅದನ್ನು ಬಾಣಲೆಯೆಂದೇ ಕರೆದರು. 1940ರ ಸುಮಾರಿನಲ್ಲಿ ಲೆಸ್ ಪಾಲ್ ಎಂಬ ವಾದಕರು ಪೈನ್ ಮರದ ತೊಲೆಯ ತುಂಡಿಗೆ ತಂತಿ ಕಟ್ಟಿ ನುಡಿಸಿದರು. ಮುಂದೆ 1950ರ ದಶಕದಲ್ಲಿ ಡ್ಯಾನ್‌ಎಲೆಕ್ಟ್ರೊ ಸಂಸ್ಥೆಯು ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡಿನಿಂದ ಅಗ್ಗದ ಗಿಟಾರುಗಳನ್ನು ತಯಾರಿಸಿತು. ಅಂದು ಬಡವರ ವಾದ್ಯವೆನಿಸಿದ್ದ ಅವನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಕೆಲವು ವರ್ಷಗಳ ಕಾಲ ನಾವೂ ತರಗತಿಯಲ್ಲಿ ಇಲ್ಲಿಗೇ ನಿಲ್ಲಿಸಿ, ವಿದ್ಯುತ್ ಗಿಟಾರಿನಲ್ಲಿ ಮರಕ್ಕೆ ಯಾವ ಕೆಲಸವೂ ಇಲ್ಲವೆಂದು ಸಾರಿದ್ದುಂಟು. ಅದು ತಪ್ಪು. ಒಮ್ಮೆ ವಿದ್ಯಾರ್ಥಿಯೊಬ್ಬನು ತನ್ನ ಗಿಟಾರಿನ ಮೂರನೆಯ ತಂತಿಯ ಒಂದು ಸ್ವರ ಮಾತ್ರ ಬೇಗನೆ ಸಾಯುತ್ತದೆಂದು ದೂರಿದನು. ಪಿಕಪ್ಪಿನಲ್ಲಿ ದೋಷವಿರಬೇಕೆಂದು ಅಧಿಕಾರವಾಣಿಯಿಂದ ಹೇಳಿದೆವು. ಅವನು ಹೊಸ ಪಿಕಪ್ ಹಾಕಿಸಿದನು. ಸ್ವರ ಮೊದಲಿನಂತೆಯೇ ಸತ್ತಿತು. ಕೊನೆಗೆ ಗಿಟಾರಿನ ತಲೆಗೆ ಒಂದು ಸಣ್ಣ ಕಬ್ಬಿಣದ ಹಿಡಿಕೆಯನ್ನು ಬಿಗಿದು ನೋಡಿದಾಗ ಆ ಸ್ವರ ಚೇತರಿಸಿಕೊಂಡಿತು, ಪಕ್ಕದ ಸ್ವರ ಕುಂದಿತು! ಜರ್ಮನಿಯ ಮ್ಯೂನಿಕ್ ನಗರದ ಹೆಲ್ಮುಟ್ ಫ್ಲೈಷರ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಇದರ ಕಾರಣವನ್ನು ಅಳೆದು ತೋರಿಸಿದ್ದಾರೆಂದು ಆ ಮೇಲೆ ಓದಿ ತಿಳಿದೆವು. ಗಿಟಾರಿನ ಉದ್ದನೆಯ ಕತ್ತು ತಾನೂ ಕಂಪಿಸುತ್ತದೆ. ಅದರ ಸಹಜ ಕಂಪನಸಂಖ್ಯೆಗೆ ತಂತಿಯ ಸ್ವರ ಹೊಂದಿಕೊಂಡ ಕಡೆಯಲ್ಲಿ ಕತ್ತು ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ಆದುದರಿಂದ ಮರಕ್ಕೆ ಕೆಲಸವುಂಟು. ಆದರೆ ಅದು ಜಾಹೀರಾತು ಹೇಳುವ ಕೆಲಸವಲ್ಲ. ಜಾಹೀರಾತು ಹೊಗಳುವುದು ಒಡಲಿನ ಮರವನ್ನು. ಕಷ್ಟವನ್ನೆಲ್ಲ ಹೊರುವುದು ಕತ್ತಿನ ಮರ. ಹೊಸ ಪಿಕಪ್ಪಿಗೆ ಆ ಹುಡುಗ ಕೊಟ್ಟ ಹಣ ನಮ್ಮ ಮಾತಿನಿಂದ ವ್ಯರ್ಥವಾಯಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಕತ್ತಿನ ಕಷ್ಟವೆಷ್ಟು? ಲೆಕ್ಕ ಮಾಡಿ ನೋಡಬಹುದು. ಅತಿ ತೆಳುವಾದ ಮೊದಲನೆಯ ತಂತಿಯ ವ್ಯಾಸ ಸುಮಾರು 0.23 ಮಿಲಿಮೀಟರು, ಕಂಪಿಸುವ ಉದ್ದ 648 ಮಿಲಿಮೀಟರು, ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 330. ಉಕ್ಕಿನ ಸಾಂದ್ರತೆಯನ್ನು ಹಾಕಿ ತಂತಿಯ ಸೂತ್ರವನ್ನು ಬಳಸಿದರೆ ಬಿಗುಪು ಸುಮಾರು 6 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಆರೂ ತಂತಿಗಳು ಸೇರಿ 40 ಕಿಲೋಗ್ರಾಮಿನ ಆಸುಪಾಸು. ಎರಡು ಬೆರಳು ದಪ್ಪದ ಮರದ ಪಟ್ಟಿಯನ್ನು ಹಗಲೂ ರಾತ್ರಿಯೂ, ವರ್ಷಾನುಗಟ್ಟಲೆ, ಇಷ್ಟು ಭಾರ ಬಿಲ್ಲಿನಂತೆ ಬಗ್ಗಿಸಲು ಎಳೆಯುತ್ತಿರುತ್ತದೆ. ಅದನ್ನು ತಡೆಯಲೆಂದೇ ಕತ್ತಿನೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿ, ತಿರುಗಿಸಲು ತಿರುಪು ಇಟ್ಟಿರುತ್ತಾರೆ. ಕತ್ತು ಬಾಗಿದರೆ ಈ ಸರಳಿನಿಂದ ಸರಿಪಡಿಸಬಹುದು. ತಿರುಚಿಕೊಂಡರೆ ಸಾಮಾನ್ಯ ಸರಳಿನಿಂದ ಪ್ರಯೋಜನವಿಲ್ಲ.

ಇದಕ್ಕೆ ನಿದರ್ಶನವಾಗಿ ಭಾಲ್ಕಿಯ ಗಿಟಾರೊಂದರ ಕಥೆಯನ್ನು ಹೇಳಬೇಕು. ನಮ್ಮ ಸಹೋದ್ಯೋಗಿಯೊಬ್ಬರ ಮಗಳು ದೊಡ್ಡ ನಗರವೊಂದರ ಅಂಗಡಿಯಿಂದ ಇಪ್ಪತ್ತೆರಡು ಸಾವಿರ ಕೊಟ್ಟು ತಂದ ವಾದ್ಯವದು. ಒಡಲು ಮಹಾಗನಿಯೆಂಬುದು ನಿಜವೇ ಆಗಿತ್ತು. ಮಳೆಗಾಲದಲ್ಲಿ ಬಂದಾಗ ಚೆನ್ನಾಗಿ ನುಡಿಯಿತು. ಮುಂದಿನ ಬೇಸಿಗೆ ಕಳೆಯುವುದರೊಳಗೆ ಕೆಳದನಿಯ ಕಡೆಯ ತಂತಿಗಳು ಮೆಟ್ಟುಗಳಿಗೆ ತಗುಲಿ ಜೀರುಗುಡಲಾರಂಭಿಸಿದವು. ಇನ್ನೊಂದು ಬದಿಯಲ್ಲಿ ತಂತಿಗಳು ಒತ್ತಲಾಗದಷ್ಟು ಎತ್ತರದಲ್ಲಿ ನಿಂತವು. ನಾವು ಸ್ಕೇಲು, ಫೋನು, ಫೀಲರ್ ಗೇಜುಗಳನ್ನು ಹರಡಿಕೊಂಡು ಕುಳಿತಿದ್ದಾಗ ಅವರ ಮನೆಯ ಬಾಗಿಲು ದುರಸ್ತಿಗೆ ಬಂದಿದ್ದ ಮುದುಕ ಬಡಗಿಯೊಬ್ಬರು ಗಿಟಾರನ್ನು ಕೈಗೆತ್ತಿಕೊಂಡು, ಚೌಕಟ್ಟಿನ ಮರವನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ದಿಟ್ಟಿಸಿ, “ತಿರುವ್ಯಾದ ಬಿಡ್ರಿ. ಕಟ್ಟಿಗಿ ಹಸಿ ಇದ್ದಾಗೇ ಮಾಡ್ಯಾರ” ಎಂದರು. ಅಷ್ಟು ಹೇಳಲು ಅವರಿಗೆ ಹಿಡಿದದ್ದು ಅರ್ಧ ನಿಮಿಷ. ನಮ್ಮ ಅಳತೆಗಳೆಲ್ಲ ಮುಗಿದ ಮೇಲೆ ಬಂದ ಉತ್ತರವೂ ಅದೇ.

ಮರವು ಗಾಳಿಯೊಡನೆ ನೀರಿನ ಕೊಡುಕೊಳ್ಳುವಿಕೆಯನ್ನು ಎಂದಿಗೂ ನಿಲ್ಲಿಸುವುದಿಲ್ಲ. ಗಾಳಿ ಒಣಗಿದರೆ ಅದು ಕುಗ್ಗುತ್ತದೆ, ತೇವವಾದರೆ ಹಿಗ್ಗುತ್ತದೆ. ಸೋಜಿಗದ ಸಂಗತಿಯೆಂದರೆ, ಉದ್ದದಲ್ಲಿ ಈ ಬದಲಾವಣೆ ಗಣನೆಗೆ ಬಾರದಷ್ಟು ಕಡಿಮೆ. ಅಡ್ಡಗಲದಲ್ಲಿ ಸಾಕಷ್ಟು ಹೆಚ್ಚು. ಅಡ್ಡಗಲದಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು, ಉಂಗುರಗಳನ್ನು ದಾಟಿ ಹೋಗುವ ದಿಕ್ಕಿನಲ್ಲಿ ಅದರ ಅರ್ಧದಷ್ಟು. ಎಳೆ ನೇರವಾಗಿಲ್ಲದ ಮರ ಒಣಗುವಾಗ ತಿರುಚಿಕೊಳ್ಳುವುದು ಈ ಅಸಮತೆಯಿಂದಲೇ. ಬೆರಳೊತ್ತುವ ಪಟ್ಟಿಯ ಕೊನೆಯ ಅಗಲ 56 ಮಿಲಿಮೀಟರೆನ್ನೋಣ. ಮರದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅಗಲದಲ್ಲಿ ಸುಮಾರು ಶೇಕಡಾ 0.2 ಕುಗ್ಗುವ ಮರವನ್ನು ತೆಗೆದುಕೊಳ್ಳೋಣ. ತೇವಾಂಶ 12ರಿಂದ 8ಕ್ಕೆ ಇಳಿದರೆ ಪಟ್ಟಿ ಸುಮಾರು 0.45 ಮಿಲಿಮೀಟರು ಸಂಕುಚಿಸುತ್ತದೆ. ಆದರೆ ಅದರಲ್ಲಿ ನೆಟ್ಟ ಲೋಹದ ಮೆಟ್ಟುಗಳು ಕುಗ್ಗುವುದಿಲ್ಲ! ಎರಡೂ ಅಂಚುಗಳಲ್ಲಿ ಅವು ಗರಗಸದ ಹಲ್ಲುಗಳಂತೆ ಹೊರಚಾಚಿ ಕೈಯನ್ನು ಗೀರುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ತಯಾರಾದ ವಾದ್ಯ, ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ನಮ್ಮ ಬೀದರಿನ ಪ್ರಸ್ಥಭೂಮಿಗೆ ಬಂದು ಏಪ್ರಿಲ್, ಮೇ ತಿಂಗಳ ಒಣಗಾಳಿಯನ್ನು ಕಂಡಾಗ ಏನಾಗುತ್ತದೆಂಬುದನ್ನು ಊಹಿಸಿಕೊಳ್ಳಿ. ಬೀದರಿನ ಕೋಟೆಯ ರಂಗೀನ್ ಮಹಲಿನಲ್ಲಿ ಬರೀದ್ ಶಾಹಿಗಳ ಕಾಲದ ಕೆತ್ತನೆಯ ಮರಗೆಲಸವನ್ನು ನೀವು ನೋಡಿರಬಹುದು. ನಾಲ್ಕು ಶತಮಾನಗಳ ಬೇಸಿಗೆಗಳನ್ನು ಅದು ಕಂಡಿದೆ. ಹದವರಿತು ಒಣಗಿಸಿದ ಮರ ಈ ಹವೆಗೆ ಬಾಳದೆಂದು ಹೇಳುವಂತಿಲ್ಲ.

ಇನ್ನು ಹೆಸರುಗಳ ವಿಷಯ. ಮಹಾಗನಿ ಎಂಬ ಹೆಸರಿನಲ್ಲಿ ಏನೇನು ಮಾರಾಟವಾಗುತ್ತದೆಂಬುದನ್ನು ನೋಡಿದರೆ ನಗು ಬರುತ್ತದೆ. ನಿಜವಾದ ಮಹಾಗನಿ ಅಮೆರಿಕ ಖಂಡದ ಸ್ವಿಟೀನಿಯಾ ಕುಲದ ಮರ. ‘ಫಿಲಿಪೀನ್ ಮಹಾಗನಿ’ ಎಂಬುದು ಶೋರಿಯಾ ಕುಲದ್ದು. ಅಂದರೆ ನಮ್ಮ ಉತ್ತರಭಾರತದ ಸಾಲವೃಕ್ಷದ ಬಳಗ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಇನ್ನೊಂದು ಉದಾಹರಣೆ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ಬೆರಳೊತ್ತುವ ಪಟ್ಟಿಗೆ ಬಹುಕಾಲದಿಂದ ಮೆಚ್ಚಿನ ಮರ ಬೀಟೆ. ಪಶ್ಚಿಮ ಘಟ್ಟದ ಕಾಡಿನ ಈ ಮರದ ಕುಲವನ್ನೆಲ್ಲ 2017ರ ಜನವರಿಯಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ತಂದಾಗ, ಗಿಟಾರುಗಳನ್ನು ಗಡಿ ದಾಟಿಸಲು ಪರವಾನಿಗೆಯ ತೊಡಕು ಉಂಟಾಯಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತಾದರೂ ಅಷ್ಟರಲ್ಲಿ ಅನೇಕ ಅಗ್ಗದ ಗಿಟಾರುಗಳಿಗೆ ‘ಇಂಡಿಯನ್ ಲಾರೆಲ್’ ಎಂಬ ಮರದ ಪಟ್ಟಿ ಬಂದಿತ್ತು. ಬೀಟೆಯಿಲ್ಲದ ಗಿಟಾರು ಬೇಡವೆಂದು ಮೂಗು ಮುರಿಯುವವರು ನಮ್ಮಲ್ಲಿಯೂ ಇದ್ದಾರೆ. ಈ ಲಾರೆಲ್ ಯಾವುದು? ಮಲೆನಾಡಿನ ಮನೆಗಳಿಗೆ ತೊಲೆ ಜಂತೆಗಳಾಗಿ ಭಾರ ಹೊತ್ತ ನಮ್ಮ ಮತ್ತಿ ಮರವೇ! ಇಂಗ್ಲಿಷ್ ಹೆಸರಿನಲ್ಲಿ ಬಂದುದರಿಂದ ನಮಗೆ ಗುರುತು ಸಿಗಲಿಲ್ಲ.

ವಾದ್ಯದ ಹೆಸರು ಕಿವಿಯನ್ನು ಮೋಸಗೊಳಿಸುವುದಕ್ಕೆ ಅಗ್ಗದ ವಾದ್ಯವೇ ಆಗಬೇಕೆಂದಿಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಇಪ್ಪತ್ತೊಂದು ಮಂದಿ ಪಿಟೀಲುವಾದಕರಿಗೆ ವಾದ್ಯಗಳು ಗುರುತು ಸಿಗದಂತೆ ಮಾಡಿ, ಹೊಸ ಪಿಟೀಲುಗಳನ್ನೂ ಸ್ಟ್ರಾಡಿವೇರಿಯಸ್ ಮೊದಲಾದ ಹಳೆಯ ಅಮೂಲ್ಯ ಪಿಟೀಲುಗಳನ್ನೂ ನುಡಿಸಲು ಕೊಟ್ಟರು. ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ವಾದ್ಯ. ನಮ್ಮ ಸರ್ ಸಿ. ವಿ. ರಾಮನ್ ಅವರೂ 1921ರಲ್ಲಿ ವೀಣೆ, ತಂಬೂರಿಗಳನ್ನು ಕುರಿತು ಬರೆದಾಗ ಅವುಗಳ ನಾದದ ವೈಶಿಷ್ಟ್ಯವನ್ನು ಕುದುರೆಯ ಆಕಾರದಲ್ಲಿ ಹುಡುಕಿದರು. ತಂತಿಯು ಕುದುರೆಯ ಬಾಗಿದ ಮೈಯನ್ನು ಸವರಿಕೊಂಡು ಏಳುವುದರಲ್ಲಿ ಅವರಿಗೆ ಉತ್ತರ ಸಿಕ್ಕಿತು. ವಾದ್ಯವನ್ನು ಕೊಳ್ಳುವವನೂ ಇದೇ ಕಡೆಗೆ ಕಣ್ಣು ಹಾಯಿಸಬೇಕು: ತಂತಿಯು ಎಲ್ಲೆಲ್ಲಿ ಮುಟ್ಟುತ್ತದೆಯೋ ಅಲ್ಲಲ್ಲಿ.

ಏಕೆಂದರೆ ಗಿಟಾರಿನಲ್ಲಿ ತಪ್ಪನ್ನು ತಿದ್ದುವ ಅವಕಾಶ ಕಡಿಮೆ. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಸ್ವರ ತಪ್ಪಿದರೆ ಮೇಣವನ್ನು ಮೆದುಮಾಡಿ ಸರಿಸಬಹುದು. ಗಿಟಾರಿನ ಮೆಟ್ಟನ್ನು ಮರದಲ್ಲಿ ಗರಗಸದಿಂದ ಸೀಳಿದ ಗೆರೆಯೊಳಗೆ ಬಡಿದು ಕೂರಿಸುತ್ತಾರೆ. ಒಂದೊಂದು ಅರ್ಧಸ್ವರಕ್ಕೂ ತಂತಿಯ ಉದ್ದವನ್ನು 1.0595ರಿಂದ ಭಾಗಿಸುತ್ತ ಹೋಗಬೇಕು. 648 ಮಿಲಿಮೀಟರಿನ ತಂತಿಗೆ ಮೊದಲನೆಯ ಮೆಟ್ಟು 36.4 ಮಿಲಿಮೀಟರು ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ನಡುವೆ, 324ರಲ್ಲಿ. ಗರಗಸ ಎಲ್ಲಿ ಇಳಿಯಿತೋ ಅಲ್ಲಿಗೆ ಮುಗಿಯಿತು. ಸಂತೋಷದ ಸಂಗತಿಯೆಂದರೆ ಈಗ ಯಂತ್ರಗಳೇ ಈ ಗೆರೆಗಳನ್ನು ಕೊರೆಯುವುದರಿಂದ ಅಗ್ಗದ ಗಿಟಾರಿನಲ್ಲಿಯೂ ಅವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಅಗ್ಗದ ತಯಾರಕರು ಹಣ ಉಳಿಸುವುದು ಕೈಯಿಂದ ಮಾಡಬೇಕಾದ ಕೊನೆಯ ಕೆಲಸಗಳಲ್ಲಿ.

ಔರಾದದ ಗಿಟಾರನ್ನು ನಾವು ಅಂದು ಪರೀಕ್ಷಿಸಿದ್ದು ಈ ದೃಷ್ಟಿಯಿಂದ. ಕತ್ತಿನ ತಿರುಪುಗಳನ್ನು ಬಿಚ್ಚಿದರೆ ಹಿಂದಿರುಗಿಸಲು ತೊಂದರೆಯಾದೀತೆಂದು ಅವನ್ನು ಮುಟ್ಟಲಿಲ್ಲ. ಭಾಲ್ಕಿಯ ಬಡಗಿಯವರಂತೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆವು. ಎರಡು ಅಂಚುಗಳೂ ಸಮವಾಗಿದ್ದವು. ಬಳಿಕ ತಂತಿಯನ್ನು ಮೊದಲನೆಯ ಮೆಟ್ಟಿನಲ್ಲಿಯೂ ಕೊನೆಯ ಮೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದೆವು. ಬಿಗಿದ ತಂತಿಗಿಂತ ನೇರವಾದ ಅಳತೆಗೋಲು ಯಾವ ಪ್ರಯೋಗಶಾಲೆಯಲ್ಲಿಯೂ ಸುಲಭವಾಗಿ ಸಿಕ್ಕದು. ನಡುವಿನ ಏಳೆಂಟನೆಯ ಮೆಟ್ಟುಗಳ ಬಳಿ ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಮಾತ್ರವಿತ್ತು. ಅದಿರಬೇಕಾದದ್ದೇ. ಎರಡು ಬದಿಯ ತಂತಿಗಳು ಪಟ್ಟಿಯ ಅಂಚುಗಳಿಂದ ಒಂದೇ ದೂರದಲ್ಲಿದ್ದವು. ಕತ್ತನ್ನು ಮೆಲ್ಲನೆ ಪಕ್ಕಕ್ಕೆ ಒತ್ತಿದರೆ ಕೀಲಿನಲ್ಲಿ ಅಲುಗಾಟವಿರಲಿಲ್ಲ. ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿನಲ್ಲಿಯೂ ಹುಡುಗನಿಂದ ನುಡಿಸಿದೆವು. ಬೇಸರದ ಕೆಲಸವಾದರೂ ಇದನ್ನು ಬಿಡಬಾರದು. ಸತ್ತ ಸ್ವರಗಳು ಅಡಗಿರುವುದು ಅಲ್ಲಿಯೇ. ಒಂದೇ ಒಂದು ಸ್ವರ ಸ್ವಲ್ಪ ಬೇಗ ಆರಿತು. ದುಬಾರಿ ವಾದ್ಯಗಳಿಗೂ ಇಷ್ಟು ಇರುತ್ತದೆ.

ದೋಷ ಸಿಕ್ಕಿದ್ದು ತಲೆಯ ಬಳಿ. ತಂತಿಗಳು ಬಿರಡೆಗಳ ಕಡೆಯಿಂದ ಬಂದು ಕೂರುವ ಬಿಳಿಯ ಪಟ್ಟಿಯಲ್ಲಿ, ವಾದಕರು ನಟ್ ಎನ್ನುವುದರಲ್ಲಿ, ಗಾಡಿಗಳನ್ನು ಸಾಕಷ್ಟು ಆಳವಾಗಿ ಕೊರೆದಿರಲಿಲ್ಲ. ತಂತಿ ಎತ್ತರದಲ್ಲಿ ನಿಂತುದರಿಂದ ಮೊದಲ ಮೆಟ್ಟಿನಲ್ಲಿ ಒತ್ತಿದಾಗ ಹೆಚ್ಚು ಎಳೆದಂತಾಗಿ ಸ್ವರ ಸುಮಾರು 20 ಸೆಂಟು, ಎಂದರೆ ಅರ್ಧಸ್ವರದ ಐದನೆಯ ಒಂದು ಪಾಲು, ಏರುತ್ತಿತ್ತು. ಆರ್ಕೆಸ್ಟ್ರಾದ ಹಿರಿಯರ ಕಿವಿ ಸುಳ್ಳು ಹೇಳಿರಲಿಲ್ಲ. ಅಪಸ್ವರ ಇದ್ದೇ ಇತ್ತು. ಅದನ್ನು ಅವರು ಮರದ ತಲೆಗೆ ಕಟ್ಟಿದ್ದರು, ಅಷ್ಟೆ.

ಹಿಂಬದಿಯ ಸಣ್ಣ ಮುಚ್ಚಳವನ್ನು ತೆಗೆದು, ಬಣ್ಣ ತಾಗದ ಒಳಗೋಡೆಯನ್ನೂ ನೋಡಿದೆವು. ಕೆನೆಯ ಬಣ್ಣ, ಎಳೆಯೇ ಕಾಣದ ಮೈ, ಉಗುರೂರಿದರೆ ಗುರುತು ಬೀಳುವಷ್ಟು ಮೆತ್ತಗೆ. ಮಹಾಗನಿಯಂತೂ ಅಲ್ಲ. ಬಾಸ್‌ವುಡ್ ಇರಬೇಕು.

ಹಾಗಾದರೆ ಜಾಹೀರಾತಿನ ಸುಳ್ಳನ್ನು ಕ್ಷಮಿಸಬೇಕೆ? ಹಾಗೆಂದು ನಾವು ಹೇಳುವುದಿಲ್ಲ. ಇಲ್ಲದ ಮರದ ಹೆಸರು ಹೇಳಿ ಹಣ ಪಡೆಯುವುದು ವಂಚನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ದೂರು ಕೊಡಲು ಅವಕಾಶವುಂಟು. ಆದರೆ ಮಾರುವವನು ಸತ್ಯವನ್ನೇ ಹೇಳಿದ ಭಾಲ್ಕಿಯ ಗಿಟಾರು ಕೆಟ್ಟಿತು, ಸುಳ್ಳು ಹೇಳಿದ ಔರಾದದ ಗಿಟಾರು ನುಡಿಯುವಂತಿತ್ತು. ತಯಾರಕರು ಒಡಲಿನ ಮರದ ಹೆಸರಿಗೆ ಬದಲಾಗಿ ಕತ್ತಿನ ಮರವನ್ನು ಯಾವ ತೇವಾಂಶಕ್ಕೆ ಒಣಗಿಸಿದ್ದಾರೆಂಬ ಅಂಕೆಯನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಲಿ. ಅದರಿಂದ ಬೀದರಿನಂತಹ ಒಣಹವೆಯ ಊರಿನವರಿಗೆ ಉಪಕಾರವಾಗುತ್ತದೆ. ನಮ್ಮ ಕಾಲೇಜುಗಳೂ ಸ್ವರಮಾಪಕದ ಪೆಟ್ಟಿಗೆಯ ಮೇಲೆ ಅದೇ ಹಳೆಯ ತಂತಿಯನ್ನು ಮೀಟಿಸುತ್ತ ಕೂರುವ ಬದಲು, ವಿದ್ಯಾರ್ಥಿಗಳು ತಂದ ಗಿಟಾರನ್ನೇ ವರ್ಷಕ್ಕೊಮ್ಮೆ ಮೇಜಿನ ಮೇಲಿಟ್ಟು ಅಳೆಯಿಸಬಾರದೇಕೆ? ಅದಕ್ಕೆ ಬೇಕಾದದ್ದು ಒಂದು ಸ್ಕೇಲು, ಒಂದು ಫೋನು, ಸ್ವಲ್ಪ ತಾಳ್ಮೆ.

ತಂದೆಯವರಿಗೆ ನಾವು ಕೊಟ್ಟ ಉತ್ತರ: ಬಾರಿಸಲು ಬರುತ್ತದೆ, ಇಟ್ಟುಕೊಳ್ಳಿ. ನಟ್ಟಿನ ಗಾಡಿಗಳನ್ನು ತಗ್ಗಿಸಲು ತೆಳುವಾದ ಅರ ಬೇಕಾಗಿತ್ತು. ಬೀದರಿನ ಬಿದರಿ ಕುಶಲಕರ್ಮಿಯೊಬ್ಬರು ತಮ್ಮ ಅರವನ್ನು ಕೊಟ್ಟುದಲ್ಲದೆ, ನಮ್ಮ ಕೈಯ ನಡುಕವನ್ನು ನೋಡಿ ತಾವೇ ಆ ಕೆಲಸವನ್ನು ಮುಗಿಸಿದರು. ಈಗ ಮೊದಲ ಮೆಟ್ಟಿನ ಸ್ವರ 4 ಸೆಂಟಿನೊಳಗೆ ನಿಲ್ಲುತ್ತದೆ. ಮಹಾಗನಿಯ ವಿಷಯವಾಗಿ ಹುಡುಗನು ಮಾರಾಟಗಾರರಿಗೆ ಎರಡು ಪತ್ರ ಬರೆದಿದ್ದಾನೆ, ಉತ್ತರ ಬಂದಿಲ್ಲ. ಭಾಲ್ಕಿಯ ಗಿಟಾರು ತಂತಿ ಸಡಿಲಿಸಿಕೊಂಡು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಅದರ ಕತ್ತಿನ ತಿರುಚನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತಿದ್ದೇವೆ. ಮಳೆಗಾಲದಲ್ಲಿ ಸ್ವಲ್ಪ ಬಿಚ್ಚಿಕೊಂಡಿತ್ತು. ಚಳಿಗಾಲದ ಒಣಗಾಳಿ ಬೀಸಿದ ಮೇಲೆ ಮತ್ತೆ ಹಳೆಯ ಅಂಕೆಗೆ ಬಂದು ನಿಂತಿದೆ.